ರಾಮ್ಸಿ ಒಂಬತ್ತು ತಿಂಗಳಲ್ಲಿ ಮೈದಾನಕ್ಕೆ ಮರಳಿದರು, ನನ್ನ ಮಗ ಯಾವಾಗ?

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಒಂಬತ್ತು ವರ್ಷದಿಂದ ವೇಲ್ಸ್‌ನ ಕಾರ್ಡಿಫ್‌ನಲ್ಲಿದ್ದೇವೆ. ಮಗನಿಗೆ 16 ವರ್ಷ, ಇಲ್ಲಿನ ಒಂದು ಸಣ್ಣ ಕ್ಲಬ್ಬಿನಲ್ಲಿ ಮಿಡ್‌ಫೀಲ್ಡರ್. ಕಳೆದ ಅಕ್ಟೋಬರ್‌ನಲ್ಲಿ ಪಂದ್ಯದ ಮಧ್ಯೆ ಎದುರಾಳಿಯ ಕಾಲು ಬಡಿದು ಬಲಗಾಲಿನ ಮೊಣಕಾಲ ಕೆಳಗಿನ ಎರಡೂ ಮೂಳೆ ಮುರಿದವು. ಚರ್ಮ ಒಡೆದಿರಲಿಲ್ಲ. ಮರುದಿನವೇ ಆಪರೇಷನ್ ಮಾಡಿ ಒಳಗೆ ರಾಡ್ ಹಾಕಿದರು. ಈಗ ಐದು ತಿಂಗಳಾಯಿತು. ಮೂಳೆ ಚೆನ್ನಾಗಿ ಕೂಡುತ್ತಿದೆ ಅಂತ ಡಾಕ್ಟರ್ ಹೇಳಿದ್ದಾರೆ. ಊರುಗೋಲು ಬಿಟ್ಟು ನಡೆಯುತ್ತಿದ್ದಾನೆ. ಮಗನಿಗೆ ವೇಲ್ಸ್‌ನ ಫುಟ್‌ಬಾಲ್ ಆಟಗಾರ ಆರನ್ ರಾಮ್ಸಿ ಅಂದರೆ ಪ್ರಾಣ. "ಅವರಿಗೂ ಇದೇ ಎರಡು ಮೂಳೆ ಮುರಿದಿದ್ದವು, ಒಂಬತ್ತು ತಿಂಗಳಲ್ಲಿ ವಾಪಸ್ ಬಂದರು, ನಾನೂ ಬರುತ್ತೇನೆ" ಅಂತ ಗೋಡೆಯ ಮೇಲೆ ದಿನ ಎಣಿಸುತ್ತಿದ್ದಾನೆ. ನಮ್ಮ ಯಜಮಾನರು ಹೇಳುವುದೇ ಬೇರೆ: ರಾಮ್ಸಿಗೆ ಆಮೇಲೆ ಜೀವನವಿಡೀ ಗಾಯಗಳೇ ಆದವು, ಎಲ್ಲಕ್ಕೂ ಮೂಲ ಆ ಕಾಲೇ ಅಂತ. ಊರಿಂದ ಅತ್ತೆ ಫೋನ್ ಮಾಡಿ, ರಾಡ್ ತೆಗೆಸಿ ಪುತ್ತೂರು ಕಟ್ಟು ಹಾಕಿಸಿ, ಆಟ ಬಿಡಿಸಿ ಅನ್ನುತ್ತಾರೆ. ನಾನು ಯಾರ ಮಾತು ಕೇಳಲಿ? ಮಗನನ್ನು ಮತ್ತೆ ಆಡಲು ಬಿಡಬಹುದೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆಡಲು ಬಿಟ್ಟರೆ ಕಾಲು ಮತ್ತೆ ಮುರಿದೀತು, ಬಿಡದಿದ್ದರೆ ಹುಡುಗ ಒಳಗೇ ಕುಗ್ಗಿಹೋದಾನು ಎಂಬ ಎರಡು ಭಯಗಳ ನಡುವೆ ನೀವು ನಿಂತಿದ್ದೀರಿ. ಇಪ್ಪತ್ತು ವರ್ಷದಿಂದ ಆಟಗಾರರ ಫಿಸಿಯೊ ಆಗಿರುವ ನನಗೆ ಈ ಎರಡೂ ಭಯ ಪರಿಚಿತ. ಎರಡಕ್ಕೂ ಆಧಾರವಿದೆ, ಆದರೆ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ನಾನು ಶಸ್ತ್ರಚಿಕಿತ್ಸಕನಲ್ಲ, ನಿಮ್ಮ ಮಗನ ಎಕ್ಸ್‌ರೇ ನೋಡಿಲ್ಲ. ಹಾಗಾಗಿ ಮೂಳೆ ಕೂಡಿದೆಯೇ ಇಲ್ಲವೇ ಎಂಬ ವಿಷಯದಲ್ಲಿ ನಿಮ್ಮ ಡಾಕ್ಟರ ಮಾತೇ ಕೊನೆ. ಅದರಾಚೆಗಿನದನ್ನು ನಾನು ಹೇಳಬಲ್ಲೆ.

ಮೊದಲು ರಾಮ್ಸಿ ವಿಷಯ. ನಿಮ್ಮ ಮಗ ಆರಿಸಿಕೊಂಡ ಉದಾಹರಣೆ ಒಳ್ಳೆಯದೇ. ಆದರೆ ಕತೆಯ ಅರ್ಧವನ್ನಷ್ಟೇ ಹಿಡಿದುಕೊಂಡಿದ್ದಾನೆ.

ರಾಮ್ಸಿ ನಿಮ್ಮ ಪಕ್ಕದೂರಿನವರೇ. 1990ರ ಡಿಸೆಂಬರ್ 26ರಂದು ಕೇರ್‌ಫಿಲಿಯಲ್ಲಿ ಹುಟ್ಟಿ, ವೆಲ್ಷ್ ಮಾಧ್ಯಮದ ಶಾಲೆಯಲ್ಲಿ ಓದಿದವರು. 2007ರ ಏಪ್ರಿಲ್‌ನಲ್ಲಿ ಕಾರ್ಡಿಫ್ ಸಿಟಿ ಪರ ಮೊದಲ ಸಲ ಕಣಕ್ಕಿಳಿದಾಗ ವಯಸ್ಸು 16 ವರ್ಷ ನಾಲ್ಕು ತಿಂಗಳು. ಜಾನ್ ಟೋಶ್ಯಾಕ್ ಹೆಸರಿನಲ್ಲಿದ್ದ ಕ್ಲಬ್ಬಿನ ಅತಿ ಕಿರಿಯ ಆಟಗಾರನ ದಾಖಲೆ ಅಂದು ಮುರಿಯಿತು. ಮರುವರ್ಷವೇ ಲಂಡನ್ನಿನ ದೊಡ್ಡ ಕ್ಲಬ್ ಆರ್ಸೆನಲ್ ಕರೆದುಕೊಂಡಿತು. 2010ರ ಫೆಬ್ರವರಿ 27ರಂದು ಸ್ಟೋಕ್ ವಿರುದ್ಧದ ಪಂದ್ಯದಲ್ಲಿ ರಯಾನ್ ಶಾಕ್ರಾಸ್ ಚೆಂಡು ಕಸಿಯಲು ಕಾಲು ಹಾಕಿ ಮಾಡಿದ ಟ್ಯಾಕಲ್‌ನಲ್ಲಿ ಬಲಗಾಲಿನ ಟಿಬಿಯಾ, ಫಿಬುಲಾ ಎರಡೂ ಮುರಿದವು. ಆಗ ಅವರಿಗೆ 19 ವರ್ಷ.

ಅದೇ ನವೆಂಬರ್ ಕೊನೆಗೆ ಅವರು ಮತ್ತೆ ಆಡಲು ಶುರುಮಾಡಿದ್ದು ನಿಜ. ಹಾಗಾಗಿ ಒಂಬತ್ತು ತಿಂಗಳ ಲೆಕ್ಕ ತಪ್ಪಲ್ಲ. ಆದರೆ ಆಡಿದ್ದು ಎಲ್ಲಿ? ಆರ್ಸೆನಲ್‌ನಲ್ಲಲ್ಲ. ಒಂದು ಮೆಟ್ಟಿಲು ಕೆಳಗಿನ ಲೀಗ್‌ನಲ್ಲಿದ್ದ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಅವರನ್ನು ಎರವಲಾಗಿ ಕಳಿಸಿದ್ದರು. ಅಲ್ಲಿ ಕೆಲವೇ ಪಂದ್ಯ. 2011ರ ಜನವರಿಯಲ್ಲಿ ಮತ್ತೆ ಎರವಲು, ಈ ಸಲ ತವರು ಕ್ಲಬ್ ಕಾರ್ಡಿಫ್‌ಗೆ. ಅಲ್ಲೂ ಕೆಲವೇ ಪಂದ್ಯ. ಅದಾದ ಮೇಲೆ, ಮಾರ್ಚ್‌ನಲ್ಲಿ, ಆರ್ಸೆನಲ್ ತಂಡಕ್ಕೆ ಮರಳಿದರು. ಅದೇ ತಿಂಗಳು ವೇಲ್ಸ್ ತಂಡದ ಮ್ಯಾನೇಜರ್ ಗ್ಯಾರಿ ಸ್ಪೀಡ್, ರಾಮ್ಸಿಯನ್ನು ವೇಲ್ಸ್ ನಾಯಕನನ್ನಾಗಿ ಮಾಡಿದರು. ಮೇ 1ರಂದು ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ 1-0 ಗೆಲುವಿನ ಗೋಲು ಅವರದೇ.

ಹುಡುಗರು ವಿಡಿಯೊ ನೋಡುವುದನ್ನು ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಮುಂದಿನ ಎರಡು ವರ್ಷಗಳ ತುಣುಕುಗಳನ್ನು ಯಾರೂ ಹುಡುಕುವುದಿಲ್ಲ. 2011ರಿಂದ 2013ರವರೆಗೆ ರಾಮ್ಸಿ ಆಡುತ್ತಿದ್ದರು, ಆದರೆ ಆಟ ಕೂಡಿಬರುತ್ತಿರಲಿಲ್ಲ. ಪಾಸ್ ತಡವಾಗುತ್ತಿತ್ತು, ಒಮ್ಮೊಮ್ಮೆ ತಮ್ಮದಲ್ಲದ ಜಾಗದಲ್ಲಿ ಆಡಬೇಕಾಗುತ್ತಿತ್ತು, ಸ್ವಂತ ಅಭಿಮಾನಿಗಳೇ ಗೊಣಗುತ್ತಿದ್ದರು. ವೇಲ್ಸ್ ನಾಯಕತ್ವವೂ 2012ರಲ್ಲಿ ಆಶ್ಲಿ ವಿಲಿಯಮ್ಸ್ ಪಾಲಾಯಿತು. 2013ರ ಆಗಸ್ಟ್‌ನಲ್ಲಿ ಶುರುವಾದ ಋತುವಿನಲ್ಲಿ ಆಟ ಮತ್ತೆ ಕುದುರಿತು. ಗೋಲುಗಳ ಮೇಲೆ ಗೋಲು ಬಂದವು. 2014ರ ಮೇ 17ರಂದು ಎಫ್‌ಎ ಕಪ್ ಫೈನಲ್‌ನ ಹೆಚ್ಚುವರಿ ಸಮಯದಲ್ಲಿ ಹಲ್ ಸಿಟಿ ವಿರುದ್ಧ ಗೆಲುವಿನ ಗೋಲು ಹೊಡೆದು, ಆರ್ಸೆನಲ್‌ನ ಒಂಬತ್ತು ವರ್ಷಗಳ ಟ್ರೋಫಿ ಬರವನ್ನು ಕೊನೆಗಾಣಿಸಿದರು. ಕಾಲು ಮುರಿದ ದಿನದಿಂದ ಅಲ್ಲಿಗೆ ನಾಲ್ಕು ವರ್ಷಕ್ಕೂ ಹೆಚ್ಚು.

ನಿಮ್ಮ ಮಗನಿಗೆ ನಾನು ಹೇಳಬೇಕಾದದ್ದು ಇದರಲ್ಲೇ ಇದೆ. ಮೂಳೆ ಕೂಡುವ ಲೆಕ್ಕವೇ ಬೇರೆ, ಆಟಗಾರ ಮರಳುವ ಲೆಕ್ಕವೇ ಬೇರೆ. ಅವನು ಗೋಡೆಯ ಮೇಲೆ ಎಣಿಸುತ್ತಿರುವುದು ಮೂಳೆಯ ದಿನಗಳನ್ನು.

ಹೀಗೇಕೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟಿಬಿಯಾ ಮುಂದುಗಡೆಯ ದಪ್ಪ ಮೂಳೆ, ಮೈಭಾರ ಹೊರುವುದು ಮುಖ್ಯವಾಗಿ ಅದೇ. ಅದರ ಮುಂಭಾಗಕ್ಕೆ ಮಾಂಸದ ಹೊದಿಕೆ ಇಲ್ಲ, ಚರ್ಮದಡಿಯಲ್ಲೇ ಕೈಗೆ ಸಿಗುತ್ತದೆ. ಹಾಗಾಗಿ ಅದಕ್ಕೆ ರಕ್ತದ ಪೂರೈಕೆ ತೊಡೆಮೂಳೆಗೆ ಇರುವಷ್ಟು ಧಾರಾಳವಾಗಿಲ್ಲ, ಕೂಡುವುದು ನಿಧಾನ. ದೊಡ್ಡವರಲ್ಲಿ ನಾಲ್ಕರಿಂದ ಆರು ತಿಂಗಳು ಸಾಮಾನ್ಯ, ಹದಿಹರೆಯದವರಲ್ಲಿ ಸ್ವಲ್ಪ ಬೇಗ. ಪಕ್ಕದ ತೆಳ್ಳನೆಯ ಫಿಬುಲಾವನ್ನು ಬಹುತೇಕ ಹಾಗೆಯೇ ಬಿಡುತ್ತಾರೆ, ತಾನಾಗಿ ಕೂಡುತ್ತದೆ. ನಿಮ್ಮ ಮಗನಿಗೆ ಮೂಳೆಯ ನಡುವೆ ಗಟ್ಟಿ ರಾಡ್ ಹಾಕಿದ್ದಾರೆಂದರೆ ಅವನ ಬೆಳವಣಿಗೆಯ ತಟ್ಟೆ (ಮೂಳೆ ಉದ್ದವಾಗುವ ತುದಿಯ ಮೃದು ಭಾಗ) ಮುಚ್ಚುವ ಹಂತಕ್ಕೆ ಬಂದಿತ್ತೆಂದು ಅಂದಾಜು ಮಾಡಬಹುದು. ಇನ್ನೂ ಬೆಳೆಯುವ ಮಕ್ಕಳಿಗೆ ಬಾಗುವ ತೆಳು ಕಡ್ಡಿಗಳನ್ನು ಬಳಸುತ್ತಾರೆ. ಎತ್ತರ ನಿಂತುಹೋದೀತೆಂಬ ಚಿಂತೆ ನಿಮಗಿದ್ದರೆ ಇದನ್ನು ಡಾಕ್ಟರ ಬಳಿ ಒಮ್ಮೆ ಖಚಿತಪಡಿಸಿಕೊಳ್ಳಿ.

ಮೂಳೆ ಕೂಡುತ್ತಿರುವಾಗಲೇ ಸುತ್ತಲಿನ ಮಾಂಸಖಂಡ ಸೊರಗುತ್ತಿರುತ್ತದೆ. ಒಂದು ಟೇಪು ತಂದು ಅವನ ಎರಡೂ ಕಾಲುಗಳ ಮೀನಖಂಡದ ಸುತ್ತಳತೆ ತೆಗೆಯಿರಿ. ಒಂದೂವರೆ ಎರಡು ಸೆಂಟಿಮೀಟರ್ ವ್ಯತ್ಯಾಸ ಕಂಡರೂ ಗಾಬರಿ ಬೇಡ, ಈ ಹಂತದಲ್ಲಿ ಇರುವಂಥದ್ದೇ. ತೊಡೆಯ ಮುಂಭಾಗವೂ ಸೊರಗಿರುತ್ತದೆ. ಕಣಕಾಲಿನ ಕೀಲು ಬಿಗಿದಿರುತ್ತದೆ. ರಾಡ್ ಒಳಹೋಗುವುದು ಮಂಡಿಯ ಚಿಪ್ಪಿನ ಹತ್ತಿರದಿಂದ, ಅದಕ್ಕೇ ಮಂಡಿಯೂರಿ ಕೂತಾಗ, ಮೆಟ್ಟಿಲು ಇಳಿಯುವಾಗ ಮುಂಭಾಗದಲ್ಲಿ ನೋವಿರುವುದು ಬಹಳ ಸಾಮಾನ್ಯ. ಪೂಜೆಗೆ ಕೂತಾಗ ಅವನು ಮುಖ ಹಿಂಡಿದರೆ ಮೂಳೆ ಜಾರಿತೆಂದು ಹೆದರಬೇಡಿ.

ಇದೆಲ್ಲಕ್ಕಿಂತ ಆಳದಲ್ಲಿ ಇನ್ನೊಂದು ಕೂತಿರುತ್ತದೆ. ಕೆಲವು ವರ್ಷದ ಹಿಂದೆ ನನ್ನ ಬಳಿ ಇಂಥದೇ ಮುರಿತದ ಹುಡುಗನೊಬ್ಬ ಬರುತ್ತಿದ್ದ. ಎಕ್ಸ್‌ರೇ ಚೆನ್ನಾಗಿತ್ತು, ಶಕ್ತಿ ಪರೀಕ್ಷೆಯಲ್ಲೂ ಪಾಸ್. ಒಂದು ದಿನ ಅವನು ನನ್ನ ಕೋಣೆಯಿಂದ ಕೆಳಗಿಳಿಯುವುದನ್ನು ಮೇಲಿನಿಂದ ನೋಡುತ್ತಿದ್ದೆ. ಹನ್ನೆರಡು ಮೆಟ್ಟಿಲು. ಕೊನೆಯ ಮೆಟ್ಟಿಲಿನಿಂದ ನೆಲಕ್ಕೆ ಹಾರುವಾಗ ಒಳ್ಳೆಯ ಕಾಲಿನ ಮೇಲೇ ಇಳಿದ. ಮರುವಾರವೂ ಅದೇ ಕಾಲು, ಅದರ ಮರುವಾರವೂ ಅದೇ. ಅವನಿಗೇ ಅದು ಗೊತ್ತಿರಲಿಲ್ಲ. ಮೈ ಆ ಕಾಲನ್ನು ಇನ್ನೂ ಕಾಯುತ್ತಿತ್ತು. ಹೀಗೆ ಕಾಯುವ ಕಾಲಿನಲ್ಲಿ ಮೈದಾನಕ್ಕೆ ಹೋದರೆ ಚೆಂಡಿಗಾಗಿ ಇಬ್ಬರು ಎದುರುಬದುರು ಧಾವಿಸುವ ಗಳಿಗೆಯಲ್ಲಿ ಅರೆ ಕ್ಷಣ ಹಿಂಜರಿಯುತ್ತಾನೆ. ಆ ಹಿಂಜರಿಕೆಯಲ್ಲೇ ಹೊಸ ಗಾಯಗಳಾಗುವುದನ್ನು ನಾನು ಕಂಡಿದ್ದೇನೆ. ಅವನನ್ನು ಇನ್ನೂ ಏಳು ವಾರ ತಡೆದೆ. ಬೇಸರ ಮಾಡಿಕೊಂಡ. ಆಮೇಲೆ ಆಡಿದ, ಈಗಲೂ ಆಡುತ್ತಿದ್ದಾನೆ.

ಇನ್ನು ನಿಮ್ಮ ಯಜಮಾನರ ಮಾತು. ರಾಮ್ಸಿಗೆ ಆಮೇಲೆ ಬಹಳ ಗಾಯಗಳಾದವು, ಅದು ಸತ್ಯ. 2013ರಲ್ಲಿ ಆ ಸೊಗಸಾದ ಓಟದ ನಡುವೆಯೇ, ತಮ್ಮ ಹುಟ್ಟುಹಬ್ಬದಂದು ತೊಡೆಯ ಸ್ನಾಯು ಎಳೆದುಕೊಂಡು ಏಪ್ರಿಲ್‌ವರೆಗೆ ಹೊರಗುಳಿದರು. 2019ರಲ್ಲಿ ಆರ್ಸೆನಲ್ ಬಿಡುವ ಮುನ್ನಿನ ಕೊನೆಯ ಪಂದ್ಯದಲ್ಲಿ, ನೇಪಲ್ಸ್‌ನಲ್ಲಿ, ಮತ್ತೆ ತೊಡೆ. ಇಟಲಿಯ ಯುವೆಂಟಸ್ ಕ್ಲಬ್ಬಿಗೆ ಹೋದ ಮೇಲೂ ಗಾಯಗಳು ಬಿಡಲಿಲ್ಲ. ಆದರೆ ಇವುಗಳಲ್ಲಿ ಹೆಚ್ಚಿನವು ಸ್ನಾಯುವಿನವು. ಕೂಡಿದ ಟಿಬಿಯಾ ಮತ್ತೆ ಮುರಿದದ್ದಲ್ಲ. ಎಲ್ಲವನ್ನೂ ಆ ಒಂದು ಟ್ಯಾಕಲ್‌ಗೆ ಕಟ್ಟಲು ಆಧಾರವಿಲ್ಲ. ಒಮ್ಮೆ ಎಳೆದ ಸ್ನಾಯು ಮತ್ತೆ ಎಳೆಯುವ ಸಾಧ್ಯತೆ ಹೆಚ್ಚು ಎನ್ನುವುದು ನಮ್ಮ ವೃತ್ತಿಯಲ್ಲಿ ಎಲ್ಲರೂ ಒಪ್ಪುವ ಮಾತು. ಜೊತೆಗೆ ಅವರ ಆಟದ ರೀತಿ ನೋಡಿ: ಮೈದಾನದ ಈ ಗೋಲಿನಿಂದ ಆ ಗೋಲಿನವರೆಗೆ ತೊಂಬತ್ತು ನಿಮಿಷ ಓಟ, ಹದಿನಾರನೆಯ ವಯಸ್ಸಿನಿಂದಲೇ ದೊಡ್ಡವರ ಪಂದ್ಯ, ಕ್ಲಬ್ಬಿನ ಜೊತೆ ದೇಶದ ಹೊರೆ.

ಅದೇ ಕಾಲಿನಲ್ಲಿ ಅವರು ಏನೇನು ಮಾಡಿದರು ಎಂಬುದನ್ನೂ ಯಜಮಾನರಿಗೆ ನೆನಪಿಸಿ. ಯುರೋಪಿನ ದೇಶಗಳ ಟೂರ್ನಿಯಾದ 2016ರ ಯೂರೊದಲ್ಲಿ ವೇಲ್ಸ್ ಸೆಮಿಫೈನಲ್ ತಲುಪಿದಾಗ, ಬೆಲ್ಜಿಯಂ ವಿರುದ್ಧದ 3-1 ಗೆಲುವಿನಲ್ಲಿ ವಿಲಿಯಮ್ಸ್ ತಲೆಯಲ್ಲಿ ಹೊಡೆದ ಗೋಲಿಗೆ ಕಾರ್ನರ್ ಕೊಟ್ಟವರು, ರಾಬ್ಸನ್-ಕಾನು ಗೋಲಿಗೆ ಚೆಂಡು ಒದಗಿಸಿದವರು ಇವರೇ. ಎರಡನೇ ಹಳದಿ ಕಾರ್ಡಿನಿಂದ ಸೆಮಿಫೈನಲ್ ತಪ್ಪಿದರೂ ಟೂರ್ನಿಯ ಶ್ರೇಷ್ಠ ತಂಡದಲ್ಲಿ ಹೆಸರು ಬಂತು. 2017ರ ಎಫ್‌ಎ ಕಪ್ ಫೈನಲ್‌ನಲ್ಲಿ ಚೆಲ್ಸಿ ವಿರುದ್ಧ ಮತ್ತೆ ಗೆಲುವಿನ ಗೋಲು. 2019ರ ನವೆಂಬರ್‌ನಲ್ಲಿ ನಿಮ್ಮೂರ ಮೈದಾನದಲ್ಲೇ ಹಂಗೆರಿ ವಿರುದ್ಧ ಎರಡು ಗೋಲು ಹೊಡೆದು ವೇಲ್ಸನ್ನು ಮುಂದಿನ ಯೂರೊಗೆ ಕರೆದೊಯ್ದರು. 2022ರಲ್ಲಿ, 64 ವರ್ಷದ ನಂತರ ವೇಲ್ಸ್ ವಿಶ್ವಕಪ್ ಆಡಿದಾಗ ತಂಡದಲ್ಲಿದ್ದರು. ಕಾಲು ಮುರಿದು ಹದಿಮೂರು ವರ್ಷದ ಮೇಲೆ, 2023ರಲ್ಲಿ, ಕಾರ್ಡಿಫ್ ಸಿಟಿಗೇ ಆಟಗಾರನಾಗಿ ಮರಳಿದರು. ಮುರಿದ ಕಾಲು ಇಡೀ ಬದುಕನ್ನು ನುಂಗಿತು ಅನ್ನಲು ಈ ಪಟ್ಟಿ ಬಿಡುವುದಿಲ್ಲ.

ಆದರೆ ಎಲ್ಲರ ಕತೆಯೂ ರಾಮ್ಸಿಯದರಂತೆ ಆಗುವುದಿಲ್ಲ ಎಂದೂ ನಾನು ಹೇಳಬೇಕು. 1996ರಲ್ಲಿ ಕಾವೆಂಟ್ರಿಯ ಡೇವಿಡ್ ಬಸ್ಟ್‌ಗೆ ಇದೇ ಎರಡು ಮೂಳೆ ಮುರಿದವು, ಗಾಯಕ್ಕೆ ಸೋಂಕು ಹತ್ತಿತು, ಒಂದಾದ ಮೇಲೊಂದು ಆಪರೇಷನ್ ಆದವು. ಅವರು ಮತ್ತೆ ವೃತ್ತಿಪರ ಪಂದ್ಯ ಆಡಲಿಲ್ಲ. 2015ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಲೂಕ್ ಶಾ ಕಾಲು ಮುರಿದಾಗ ರಕ್ತ ಹೆಪ್ಪುಗಟ್ಟಿ ಕಾಲನ್ನೇ ಕಳೆದುಕೊಳ್ಳುವ ಅಪಾಯವಿತ್ತೆಂದು ಅವರೇ ಆಮೇಲೆ ಹೇಳಿಕೊಂಡರು. ಇಂಥ ದೊಡ್ಡ ಅಪಾಯಗಳು ಹೆಚ್ಚಾಗಿ ಮೊದಲ ವಾರಗಳವು, ಸೋಂಕಿನ ಭಯ ಚರ್ಮ ಒಡೆದ ಗಾಯದಲ್ಲಿ ಜಾಸ್ತಿ. ನಿಮ್ಮ ಮಗನಿಗೆ ಚರ್ಮ ಒಡೆದಿರಲಿಲ್ಲ, ಐದು ತಿಂಗಳೂ ದಾಟಿದೆ. ಅಂದರೆ ಅತಿ ಕಷ್ಟದ ದಾರಿ ಹಿಂದೆ ಬಿದ್ದಿದೆ. ಈಗಲೂ ಗಮನಿಸಬೇಕಾದ್ದು: ಮುರಿದ ಜಾಗದಲ್ಲೇ ದಿನದಿನಕ್ಕೆ ಹೆಚ್ಚುವ ನೋವು, ರಾತ್ರಿ ನೋವು, ಬಿಸಿ, ಕೆಂಪು, ಜ್ವರ. ಇವುಗಳಲ್ಲಿ ಯಾವುದು ಕಂಡರೂ ಫಿಸಿಯೊಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಅತ್ತೆಯವರ ಮಾತಿಗೆ ಬರೋಣ. ಮೊಮ್ಮಗನ ಮೇಲಿನ ಅಕ್ಕರೆಯಿಂದ ಆಡಿದ ಮಾತು, ಅದನ್ನು ಗೌರವದಿಂದಲೇ ಕೇಳಿ. ಪುತ್ತೂರು ಕಟ್ಟಿನ ಮೇಲೆ ನಮ್ಮ ಜನರಿಗೆ ನಂಬಿಕೆ ಹಳೆಯದು. ಆದರೆ ಕಟ್ಟು ಮಾಡುವ ಕೆಲಸ ಮುರಿದ ತುದಿಗಳನ್ನು ಅಲುಗದಂತೆ ಹಿಡಿದಿಡುವುದು. ಆ ಕೆಲಸವನ್ನು ರಾಡ್ ಈಗಾಗಲೇ ಒಳಗಿನಿಂದ ಮಾಡುತ್ತಿದೆ. ಕೂಡುತ್ತಿರುವ ಹೊತ್ತಿನಲ್ಲಿ ರಾಡ್ ತೆಗೆಸಿ ಹೊರಗಿನಿಂದ ಕಟ್ಟು ಹಾಕಿಸಿದರೆ ಮೂಳೆ ಸೊಟ್ಟಗೆ ಕೂಡಬಹುದು, ಕೂಡದೆಯೂ ಉಳಿಯಬಹುದು. ಖಂಡಿತ ಬೇಡ. ರಾಡ್ ಚಳಿಗೆ ಹಿಡಿದುಕೊಳ್ಳುತ್ತದೆ, ತುಕ್ಕು ಹಿಡಿಯುತ್ತದೆ ಎಂಬ ಮಾತುಗಳೂ ಕೇಳಿಬರುತ್ತವೆ. ಈ ಲೋಹ ತುಕ್ಕು ಹಿಡಿಯುವಂಥದ್ದಲ್ಲ. ಪೂರ್ತಿ ಕೂಡಿದ ಮೇಲೂ ತೊಂದರೆ ಕೊಡದ ರಾಡನ್ನು ತೆಗೆಸಲೇಬೇಕೆಂದಿಲ್ಲ. ಮಂಡಿ ನೋವು ಬಿಡದಿದ್ದರೆ ತೆಗೆಸುವ ಬಗ್ಗೆ ಯೋಚಿಸಬಹುದು, ಆದರೆ ತೆಗೆಸಿದ ಮೇಲೂ ನೋವು ಹೋಗಿಯೇ ಹೋಗುತ್ತದೆಂಬ ಭರವಸೆ ಇಲ್ಲ. ತೆಗೆಸಿದ ನಂತರ ಕೆಲವು ವಾರ ಮತ್ತೆ ಆಟದಿಂದ ದೂರವಿರಬೇಕು.

ಕಾಲು ಸೂಪು, ರಾಗಿ, ಹಾಲು, ಮೊಟ್ಟೆ ಕೊಡಿ, ಒಳ್ಳೆಯದೇ. ಅದಕ್ಕಿಂತ ಮುಖ್ಯವಾದ ಒಂದು ಸಂಗತಿ ವೇಲ್ಸ್‌ನಲ್ಲಿರುವ ನಮ್ಮವರಿಗೆ ಗೊತ್ತಿರಬೇಕು. ಅಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಬಿಸಿಲು ಮೈಯಲ್ಲಿ ವಿಟಮಿನ್ ಡಿ ತಯಾರಾಗಲು ಸಾಲದು. ನಮ್ಮಂಥ ಗಾಢ ಮೈಬಣ್ಣದವರು ವರ್ಷಪೂರ್ತಿ ದಿನಕ್ಕೆ 10 ಮೈಕ್ರೊಗ್ರಾಂ ತೆಗೆದುಕೊಳ್ಳುವುದನ್ನು ಯೋಚಿಸಬೇಕೆಂದು ಬ್ರಿಟನ್ನಿನ ಆರೋಗ್ಯ ಇಲಾಖೆಯೇ ಸಲಹೆ ಕೊಡುತ್ತದೆ. ನಿಮ್ಮ ಮಗನ ಮೂಳೆ ಕೂಡುತ್ತಿರುವುದು ಸರಿಯಾಗಿ ಆ ತಿಂಗಳುಗಳಲ್ಲಿ. ಮಟ್ಟ ಎಷ್ಟಿದೆ ಎಂದು ಒಂದು ರಕ್ತಪರೀಕ್ಷೆ ಬೇಕೇ ಅಂತ ಡಾಕ್ಟರನ್ನು ಕೇಳಿ. ಹಾಗೆಯೇ, ಹದಿನಾರರ ಹುಡುಗ, ಕೇಳಲು ಸಂಕೋಚ ಬೇಡ: ಸಿಗರೇಟು, ವೇಪ್ ಇದ್ದರೆ ಈಗಲೇ ನಿಲ್ಲಬೇಕು. ಮೂಳೆ ಕೂಡುವುದನ್ನು ಹೊಗೆಯಷ್ಟು ತಡಮಾಡುವ ಅಭ್ಯಾಸ ಇನ್ನೊಂದಿಲ್ಲ.

ಈಗ ದಾರಿಗಳು. ಏಪ್ರಿಲ್, ಮೇ ತಿಂಗಳಲ್ಲಿ ಈ ಋತುವಿನ ಕೊನೆಯ ಪಂದ್ಯಗಳಿಗೆ ಇಳಿಸಿಬಿಡುವುದು ನಿಮ್ಮ ಮಗನ ಆಸೆಯಿರಬಹುದು. ನಾನು ಒಪ್ಪುವುದಿಲ್ಲ. ಎಕ್ಸ್‌ರೇ ಒಳ್ಳೆಯದಿದ್ದರೂ ಮಾಂಸಖಂಡ ಅಷ್ಟರಲ್ಲಿ ಸಿದ್ಧವಾಗುವುದಿಲ್ಲ, ಮೈದಾನವೂ ಋತುವಿನ ಕೊನೆಗೆ ಗಟ್ಟಿ, ಉಳಿದ ಹುಡುಗರು ಪೂರ್ತಿ ವೇಗದಲ್ಲಿರುತ್ತಾರೆ. ಎರಡು ಪಂದ್ಯಕ್ಕಾಗಿ ಎರಡು ವರ್ಷ ಪಣಕ್ಕಿಟ್ಟ ಹಾಗೆ.

ನಾನು ಹೇಳುವ ದಾರಿ ಬೇಸಿಗೆಯ ಅಭ್ಯಾಸದಿಂದ ಶುರು. ಮೂಳೆ ಕೂಡಿದೆ ಎಂದು ಡಾಕ್ಟರ್ ಬರೆದುಕೊಟ್ಟ ಮೇಲೆ ನೇರ ಓಟ, ಅದು ನೋವಿಲ್ಲದೆ ಆದ ಮೇಲೆ ತಿರುವು, ಆಮೇಲೆ ಚೆಂಡು, ಆಮೇಲೆ ಯಾರೂ ಮೈಗೆ ತಾಗದ ತರಬೇತಿ, ಕೊನೆಗೆ ಟ್ಯಾಕಲ್ ಇರುವ ತರಬೇತಿ. ಒಂಟಿ ಕಾಲಿನ ಜಿಗಿತದಲ್ಲಿ ಮುರಿದ ಕಾಲು ಇನ್ನೊಂದರ ಶೇಕಡ 90ರಷ್ಟಾದರೂ ಹಾರಬೇಕು. ಸೆಪ್ಟೆಂಬರ್‌ನಲ್ಲಿ ಮೊದಲ ಪಂದ್ಯವೆಂದರೆ ಇಪ್ಪತ್ತು ನಿಮಿಷ, ಅದೂ ಕ್ಲಬ್ಬಿನ ಎರಡನೇ ತಂಡದಲ್ಲಿ. ರಾಮ್ಸಿಯನ್ನು ಫಾರೆಸ್ಟ್‌ಗೆ, ಕಾರ್ಡಿಫ್‌ಗೆ ಕಳಿಸಿದ ಹಾಗೆ. ಮಗನಿಗೆ ಇದು ಅವಮಾನ ಅನ್ನಿಸಿದರೆ ಆ ಎರವಲಿನ ತಿಂಗಳುಗಳ ಕತೆ ಹೇಳಿ. ಈ ದಾರಿಯಲ್ಲೂ ಅಪಾಯ ಇಲ್ಲವೆಂದಲ್ಲ: ಮಂಡಿ ನೋವು ಉಳಿಯಬಹುದು, ಸ್ನಾಯು ಎಳೆಯಬಹುದು, ಹೊಸದಾಗಿ ಜೋರು ಪೆಟ್ಟು ಬಿದ್ದರೆ ಯಾವ ಕಾಲಾದರೂ ಮುರಿಯುತ್ತದೆ. ಶಿನ್ ಗಾರ್ಡ್ ಒದೆತದ ಗಾಯ ತಡೆಯುತ್ತದೆ, ಇಂಥ ಪೆಟ್ಟಿನ ಮುರಿತವನ್ನು ತಡೆಯುತ್ತದೆಂದು ನಂಬಬೇಡಿ.

ಒಂದು ಪೂರ್ತಿ ವರ್ಷ ಬಿಡುವು ಕೊಡುವುದು ಮತ್ತೊಂದು ದಾರಿ. ದೇಹಕ್ಕೆ ಅದರಿಂದ ಕೆಡುಕಿಲ್ಲ. ಆದರೆ ಗೆಳೆಯರೆಲ್ಲ ಮೈದಾನದಲ್ಲಿರುವಾಗ ಮನೆಯಲ್ಲಿ ಕೂತ ಹುಡುಗ ಬಹಳ ಒಂಟಿಯಾಗುತ್ತಾನೆ. ಈ ದಾರಿ ಹಿಡಿದರೆ ತಂಡದ ಜೊತೆಗಿನ ನಂಟು ಕಡಿಯಬೇಡಿ. ಸಣ್ಣವರಿಗೆ ಹೇಳಿಕೊಡಲಿ, ಅಂಕ ಬರೆಯಲಿ. ಆಟವನ್ನೇ ಬಿಡಿಸುವುದು ಕೊನೆಯ ದಾರಿ. ವೈದ್ಯಕೀಯವಾಗಿ ಅದಕ್ಕೆ ಈಗ ಕಾರಣ ಕಾಣುತ್ತಿಲ್ಲ. ಅವನಾಗಿಯೇ ಬೇಡವೆಂದರೆ ಮಾತ್ರ ಕೇಳಿ. ಕೆಲವರು ನಿಜಕ್ಕೂ ಬೇಡವೆನ್ನುತ್ತಾರೆ, ಅಪ್ಪ ಅಮ್ಮ ಹೆಮ್ಮೆಪಡಲಿ ಎಂದು ಬಾಯಿಬಿಡುವುದಿಲ್ಲ.

ಅವನ ಕಾಲಿಗೆ ಬಡಿದ ಆ ಇನ್ನೊಬ್ಬ ಹುಡುಗನ ಬಗ್ಗೆ ಪತ್ರದಲ್ಲಿ ನೀವು ಏನೂ ಬರೆದಿಲ್ಲ. ನನಗೆ ಅವನ ನೆನಪೂ ಆಯಿತು. ವೇಲ್ಸ್‌ನ ನೀಲ್ ಟೇಲರ್ ಗೊತ್ತಲ್ಲ, ಅವರ ತಾಯಿ ಬಂಗಾಳಿ ಮೂಲದವರು. 2012ರಲ್ಲಿ ಸ್ವಾನ್ಸಿ ಪರ ಆಡುವಾಗ ಅವರದೇ ಕಣಕಾಲಿನ ಕೀಲು ಮುರಿದು ಕಳಚಿ, ಆ ಋತುವಿನ ಬಹುಪಾಲು ಹೋಯಿತು. 2017ರ ಮಾರ್ಚ್‌ನಲ್ಲಿ ಡಬ್ಲಿನ್‌ನಲ್ಲಿ ಅವರು ಮಾಡಿದ ಟ್ಯಾಕಲ್‌ಗೆ ಐರ್ಲೆಂಡ್ ನಾಯಕ ಶೇಮಸ್ ಕೋಲ್ಮನ್ ಕಾಲು ಮುರಿಯಿತು. ಮುರಿದ ಕಾಲಿನ ನೋವು ಬಲ್ಲವರ ಕೈಯಲ್ಲೇ ಹಾಗಾಯಿತು. ಕೋಲ್ಮನ್ ಹತ್ತು ತಿಂಗಳಲ್ಲಿ ಮರಳಿ ಮತ್ತೆ ವರ್ಷಗಟ್ಟಲೆ ಆಡಿದರು. ಎದುರಾಳಿ ತಂಡದ ಆ ಹುಡುಗನೂ ನಿಮ್ಮೂರಿನವನೇ ಇರಬೇಕು. ಮಗನಿಗೆ ಮನಸ್ಸಿದ್ದರೆ ಇಬ್ಬರೂ ಒಮ್ಮೆ ಭೇಟಿಯಾಗಲಿ. ಬಲವಂತ ಬೇಡ. ಮತ್ತೆ ಟ್ಯಾಕಲ್‌ಗೆ ಇಳಿಯುವ ಭಯ ಇಂಥ ಭೇಟಿಯಿಂದ ಸಡಿಲಾದದ್ದನ್ನು ನಾನು ನೋಡಿದ್ದೇನೆ.

ಈ ವಾರ ಮಾಡಬೇಕಾದ್ದು ಒಂದು ಸಣ್ಣ ಕೆಲಸ. ಡಾಕ್ಟರೋ ಫಿಸಿಯೊವೋ ಪೂರ್ತಿ ಭಾರ ಹಾಕಲು ಒಪ್ಪಿದ್ದರೆ, ಗೋಡೆಗೆ ಬೆರಳು ತಾಗಿಸಿಕೊಂಡು ಒಂಟಿ ಕಾಲಲ್ಲಿ ನಿಂತು, ಹಿಮ್ಮಡಿ ಪೂರ್ತಿ ಎತ್ತಿ ಇಳಿಸಲಿ. ಮೊದಲು ಎಡಗಾಲು, ಆಮೇಲೆ ಬಲಗಾಲು. ನೋವು ಬಂದರೆ ಅಲ್ಲಿಗೇ ನಿಲ್ಲಿಸಲಿ. ಎಷ್ಟೆಷ್ಟು ಸಲ ಆಯಿತೆಂದು ಎಣಿಸಿ. ಎಡಗಾಲಿನಲ್ಲಿ 25, ಬಲಗಾಲಿನಲ್ಲಿ 6 ಬಂದರೂ ಬೇಸರ ಬೇಡ. ಗೋಡೆಯ ಮೇಲಿನ ದಿನಗಳ ಲೆಕ್ಕ ಅಳಿಸಿ, ಆ ಎರಡು ಅಂಕಿಗಳನ್ನು ಅಲ್ಲಿ ಬರೆಯಲು ಹೇಳಿ. ವಾರಕ್ಕೊಮ್ಮೆ ಮತ್ತೆ ಎಣಿಸಲಿ. ಆರು ವಾರದ ಅಂಕಿಗಳ ಜೊತೆಗೆ, ಡಾಕ್ಟರ್ ಮುಂದಿನ ಎಕ್ಸ್‌ರೇ ನೋಡಿ ಏನಂದರು ಎಂಬುದನ್ನೂ ನನಗೆ ಬರೆದು ಕಳಿಸಿ. ಓಟ ಯಾವಾಗ ಶುರುಮಾಡಬಹುದು ಎಂದು ಆಗ ನೋಡೋಣ.